ಮೋತಿ ಡೊಂಗರಿನ ಮುಖಗಳಿಗೆ ಬೆಳಕು

“ಅಣ್ಣಾರ, ಸ್ವಲ್ಪ ಬೆಳ್ಳಗ ಕಾಣೂಹಂಗ ತಗೀರಿ.”

ಗೋವೆಯ ಮಡಗಾಂವ್‌ನ ಫೋಟೊ ಸ್ಟುಡಿಯೊಗಳಲ್ಲಿ ಕನ್ನಡದ ಗಿರಾಕಿಗಳು ಸ್ಟೂಲಿನ ಮೇಲೆ ಕೂರುವ ಮೊದಲೇ ಹೇಳುವ ಮಾತಿದು. ಹೇಳುವವರಲ್ಲಿ ಬಹಳ ಜನ ಮೋತಿ ಡೊಂಗರಿನಿಂದ ಇಳಿದು ಬಂದವರು. ನಗರದ ಒಡಲಲ್ಲೇ ಇರುವ ಆ ಗುಡ್ಡದ ಮೇಲೆ ಒಂದಕ್ಕೊಂದು ಆತುಕೊಂಡ ಮನೆಗಳಿವೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳು ಅಲ್ಲಿ ನೆಲೆಯಾಗಿವೆ. ಗಾರೆ ಕೆಲಸ, ಸೆಂಟ್ರಿಂಗ್, ಹಮಾಲಿ, ಮನೆಗೆಲಸ, ತರಕಾರಿ ವ್ಯಾಪಾರ ಅಂತ ಹಗಲಿಡೀ ಬಿಸಿಲಿಗೆ ಮೈಯೊಡ್ಡಿದವರು. ಇವರಿಗೆ ಫೋಟೊ ಶೋಕಿಗಿಂತ ಮೊದಲು ಅಗತ್ಯ. ಮಗುವಿನ ಶಾಲೆಗೆ, ಬ್ಯಾಂಕಿನ ಖಾತೆಗೆ, ಕಟ್ಟಡ ಕಾರ್ಮಿಕರ ಕಾರ್ಡಿಗೆ, ಬಾಡಿಗೆ ಮನೆ ಹಿಡಿದಾಗ ಪೊಲೀಸ್ ಠಾಣೆಯಲ್ಲಿ ಕೊಡುವ ಅರ್ಜಿಗೆ ಪಾಸ್‌ಪೋರ್ಟ್ ಸೈಜಿನದು ಬೇಕು. ಊರಲ್ಲಿರುವ ಅವ್ವನಿಗೆ ಕಳಿಸಲು, ಕಟ್ಟು ಹಾಕಿಸಿ ಗೋಡೆಗೆ ಏರಿಸಲು ಮನೆಮಂದಿಯೆಲ್ಲ ಸೇರಿದ್ದು ಬೇಕು.

ಬೆಳ್ಳಗೆ ಮಾಡುವುದು ಈಗ ಏನೂ ಕಷ್ಟವಲ್ಲ. ಕಂಪ್ಯೂಟರಿನಲ್ಲಿ ಒಂದು ಗೆರೆಯನ್ನು ಬಲಕ್ಕೆ ಎಳೆದರೆ ಮುಗಿಯಿತು. ಕೆನ್ನೆ ಸುಣ್ಣದಂತಾಗುತ್ತದೆ, ಹಣೆಯ ಕುಂಕುಮ ಕಿತ್ತಳೆಗೆ ತಿರುಗುತ್ತದೆ, ಮೂಗಿನ ಏಣು ಮಾಯವಾಗುತ್ತದೆ. ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾರೆ. ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಹೀಗೆ ಬಿಳುಪು ಕೇಳುವ ಅಕ್ಕನಿಗೊಂದು ಕಾರಣವಿದೆ. ಅವಳು ಇಷ್ಟು ವರ್ಷ ಕಂಡ ತನ್ನ ಫೋಟೊಗಳಲ್ಲೆಲ್ಲ ಕಣ್ಣು ಎರಡು ಕಪ್ಪು ಗುಳಿಗಳಾಗಿ, ಮುಖ ಮಸಿಯಾಗಿ ಬಂದಿದೆ. ಹಾಗಾದದ್ದು ಬಣ್ಣದಿಂದಲ್ಲ, ಬೆಳಕು ಇಟ್ಟ ರೀತಿಯಿಂದ. ದೀಪ ಸರಿಯಾಗಿ ಇಟ್ಟರೆ ಕಂದು ಮೈಬಣ್ಣದಷ್ಟು ಚೆನ್ನಾಗಿ ಬೆಳಕು ಹಿಡಿಯುವ ಮೈ ಇನ್ನೊಂದಿಲ್ಲ. ಅದನ್ನು ಸ್ಟುಡಿಯೊದವರು ತೋರಿಸಿಕೊಡಬೇಕು.

ಮುಖ ಮಸಿಯಾಗುವುದು ಹೇಗೆ ಅನ್ನುವುದನ್ನು ಮೊದಲು ನೋಡೋಣ. ಕ್ಯಾಮೆರಾದೊಳಗಿನ ಮೀಟರ್‌ಗೆ ಎದುರಿಗಿರುವುದು ಮುಖವೋ ಗೋಡೆಯೋ ಎಂಬ ವಿವೇಕವಿಲ್ಲ. ತನ್ನ ಮುಂದಿರುವುದೆಲ್ಲ ಸರಾಸರಿ ನಡುಬೂದು ಬಣ್ಣದ್ದು ಎಂದು ಎಣಿಸಿ ಬೆಳಕನ್ನು ಅಳೆಯುತ್ತದೆ. ಪಾಸ್‌ಪೋರ್ಟ್ ಫೋಟೊಗೆ ಹಿಂದೆ ಬಿಳಿ ಪರದೆ ಇರಬೇಕು. ಚೌಕಟ್ಟಿನ ಬಹುಭಾಗ ಬಿಳಿಯೇ ಆದಾಗ ಮೀಟರ್ ಅದನ್ನು ಬೂದು ಮಾಡಲು ಬೆಳಕು ತಗ್ಗಿಸುತ್ತದೆ. ಪರದೆಯ ಜೊತೆ ಮುಖವೂ ತಗ್ಗುತ್ತದೆ. ಮೊದಲೇ ಕಡುಬಣ್ಣದ ಮುಖವಾದರೆ ವಿವರವೆಲ್ಲ ಕತ್ತಲೆಗೆ ಬೀಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ಬರುವುದು ಬೂದಿ ಬಳಿದಂಥ ಮುಖ, ಕಾಳುಕಾಳಾದ ನೆರಳು. ಮದ್ದು ಸರಳ. ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ಹಾಕಿ, ಮುಖದ ಹತ್ತಿರ ಬೂದು ಕಾರ್ಡ್ ಹಿಡಿದು ಅಥವಾ ಕೈಮೀಟರ್ ಇಟ್ಟು, ಮುಖಕ್ಕೆ ಬೀಳುವ ಬೆಳಕನ್ನೇ ಅಳೆಯುವುದು. ಪರದೆಗೆ ಬೇರೆಯದೇ ಒಂದು ಲೈಟ್ ಕೊಟ್ಟು ಮುಖಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಇಡುವುದು. ಕೂತವರು ಪರದೆಯಿಂದ ಐದಾರು ಅಡಿ ಮುಂದೆ ಇದ್ದರೆ ಅವರ ನೆರಳು ಹಿಂದೆ ಬೀಳುವುದೂ ತಪ್ಪುತ್ತದೆ. ಪಾಸ್‌ಪೋರ್ಟ್ ಫೋಟೊಗಳಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಕೊಟ್ಟ ಸೂಚನೆಗಳಲ್ಲಿ ಮೈಬಣ್ಣ ಸಹಜವಾಗಿ ಕಾಣಬೇಕು ಎಂಬುದೂ ಒಂದು. ಬೆಳ್ಳಗೆ ಮಾಡಿಕೊಡುವ ಸ್ಟುಡಿಯೊ ಆ ಸೂಚನೆಯನ್ನೇ ಮೀರುತ್ತಿದೆ.

ಈ ತೊಂದರೆಗೆ ಉದ್ದನೆಯ ಇತಿಹಾಸವಿದೆ, ಅದು ಮಡಗಾಂವ್‌ನಲ್ಲಿ ಹುಟ್ಟಿದ್ದಲ್ಲ. ಬಣ್ಣದ ಫಿಲ್ಮ್ ಬಂದ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡ್ ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಹೆಣ್ಣುಮಗಳೊಬ್ಬಳ ಚಿತ್ರ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಜಗತ್ತಿನ ಲ್ಯಾಬುಗಳು ಅವಳ ಚರ್ಮ ಸರಿ ಬಂದರೆ ಪ್ರಿಂಟ್ ಸರಿ ಬಂತು ಎಂದು ಯಂತ್ರ ತಿರುಗಿಸಿದವು. ಕಪ್ಪು, ಕಂದು ಮುಖಗಳು ಫಿಲ್ಮಿನಲ್ಲಿ ಸರಿಯಾಗಿ ಬರುತ್ತಿರಲಿಲ್ಲ. ಕಂದು ಛಾಯೆಗಳು ಬೇರೆಬೇರೆಯಾಗಿ ಕಾಣುತ್ತಿಲ್ಲ ಎಂದು ಕಂಪನಿಯನ್ನು ಒತ್ತಾಯಿಸಿದವರು ಯಾರು ಗೊತ್ತೆ? ಚಾಕೊಲೇಟ್ ತಯಾರಕರು, ಮರದ ಪೀಠೋಪಕರಣದ ಕಂಪನಿಗಳು. ಅವರ ಸರಕು ಜಾಹೀರಾತಿನಲ್ಲಿ ಸರಿ ಕಾಣಬೇಕಿತ್ತಲ್ಲ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಕಥೆ ಬಿಡಿಸಿಟ್ಟಿದ್ದಾರೆ. ಕೋಟಿಗಟ್ಟಲೆ ಮನುಷ್ಯರ ಮುಖಕ್ಕಾಗಿ ಆಗದ ಸುಧಾರಣೆ ಮೇಜು ಕುರ್ಚಿಗಾಗಿ ಶುರುವಾಯಿತು ಎಂಬುದನ್ನು ಓದಿದಾಗ ಮನಸ್ಸು ಕಹಿಯಾಗುತ್ತದೆ.

ಗುರುತಿನ ಚೀಟಿಯ ಕಥೆ ಇನ್ನೂ ಕಠಿಣ. ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರ ಕಪ್ಪು ಜನರ ಓಡಾಟವನ್ನು ಕಟ್ಟಿಹಾಕಲು ಕೊಡುತ್ತಿದ್ದ ಪಾಸ್‌ಬುಕ್ಕುಗಳ ಫೋಟೊಗೆ ಪೋಲರಾಯ್ಡ್ ಕಂಪನಿಯ ಐಡಿ-2 ವ್ಯವಸ್ಥೆ ಬಳಕೆಯಾಗುತ್ತಿತ್ತು. ಫ್ಲಾಶಿನ ಬಲ ಹೆಚ್ಚಿಸುವ ಗುಂಡಿಯೊಂದು ಆ ಕ್ಯಾಮೆರಾದಲ್ಲಿತ್ತು. ಅದೇ ಕಂಪನಿಯಲ್ಲಿ ಕೆಲಸಕ್ಕಿದ್ದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ 1970ರಲ್ಲಿ ಈ ವ್ಯವಸ್ಥೆಯನ್ನು ಪಾಸ್‌ಬುಕ್ಕುಗಳಿಗೆ ಬಳಸುವುದರ ವಿರುದ್ಧ ಚಳವಳಿ ಹೂಡಿದರು. 1977ರಲ್ಲಿ ಕಂಪನಿ ಆ ದೇಶ ಬಿಟ್ಟಿತು. ಕಂದು ಮುಖಕ್ಕೆ ಯಾರು, ಯಾಕಾಗಿ, ಎಷ್ಟು ಬೆಳಕು ಕೊಡುತ್ತಾರೆ ಎಂಬುದು ತಾಂತ್ರಿಕ ಪ್ರಶ್ನೆಯಷ್ಟೇ ಆಗಿರಲು ಸಾಧ್ಯವಿಲ್ಲ ಎಂದು ನಾನು ನಂಬುವುದು ಇದಕ್ಕೇ.

ಹಳೆಯ ಸ್ಟುಡಿಯೊಗಳು ಈ ವಿಷಯದಲ್ಲಿ ನಮಗಿಂತ ಜಾಣವಾಗಿದ್ದವು. ವಿದ್ಯುತ್ ಇಲ್ಲದ ಕಾಲದಲ್ಲಿ ಸ್ಟುಡಿಯೊ ಅಂದರೆ ಒಂದು ಪಕ್ಕಕ್ಕೆ ಗಾಜಿನ ಇಳಿಜಾರು ಮಾಡು ಇರುವ ಕೋಣೆ. ಗಾಜು ಉತ್ತರ ದಿಕ್ಕಿಗೆ, ಯಾಕೆಂದರೆ ಆ ಕಡೆಯಿಂದ ವರ್ಷದ ಹೆಚ್ಚಿನ ಕಾಲ ನೇರ ಬಿಸಿಲು ಬರದೆ ಆಕಾಶದ ತಂಪು ಬೆಳಕಷ್ಟೇ ಇಳಿಯುತ್ತದೆ. ಗಾಜಿನ ಕೆಳಗೆ ಹಗ್ಗದ ಮೇಲೆ ಸರಿಯುವ ಪರದೆಗಳು. ಅವುಗಳನ್ನು ಎಳೆದು ಬಿಟ್ಟು ಮುಖದ ಮೇಲೆ ಬೆಳಕನ್ನು ತಿದ್ದುತ್ತಿದ್ದರು. 19ನೆಯ ಶತಮಾನದ ಕೊನೆಗೆ ಪಣಜಿಯಲ್ಲಿ ಹೆಸರು ಮಾಡಿದ ಸೋಜಾ ಅಂಡ್ ಪಾಲ್ ಗೋವೆಯ ಫೋಟೊ ಚರಿತ್ರೆಯಲ್ಲಿ ಮುಖ್ಯವಾದ ಸ್ಟುಡಿಯೊ. ಹೈದರಾಬಾದಿನಲ್ಲಿ ರಾಜಾ ದೀನ್ ದಯಾಳ್ 1892ರಲ್ಲಿ ಪರದಾ ಪಾಲಿಸುವ ಹೆಣ್ಣುಮಕ್ಕಳಿಗೆಂದೇ ಪ್ರತ್ಯೇಕ ಸ್ಟುಡಿಯೊ ತೆರೆದರು. ಬೆಂಗಳೂರಿನ ಜಿ.ಕೆ. ವೇಲ್ 1910ರಿಂದ ಇದೆ. ಆ ಕಾಲದ ಪೋರ್ಟ್ರೇಟುಗಳನ್ನು ನೋಡಿದರೆ ಕಡುಬಣ್ಣದ ಮುಖಗಳೂ ಗುಂಡಗೆ, ಜೀವಂತವಾಗಿ ಕಾಣುತ್ತವೆ. ಕಾರಣ ಆ ದೊಡ್ಡ ಗಾಜು. ಬೆಳಕಿನ ಮೂಲ ದೊಡ್ಡದಾದಷ್ಟೂ ಅದರ ಹೊಳಪು ಚರ್ಮದ ಮೇಲೆ ಅಗಲವಾಗಿ, ಮೃದುವಾಗಿ ಹರಡುತ್ತದೆ. ಬಿಳಿ ಚರ್ಮ ನೆರಳಿನಿಂದ ಆಕಾರ ಪಡೆದರೆ ಕಂದು ಚರ್ಮ ಹೊಳಪಿನಿಂದ ಆಕಾರ ಪಡೆಯುತ್ತದೆ. ಕಂಚಿನ ವಿಗ್ರಹದ ಮೇಲೆ ಕಿಟಕಿಯ ಬೆಳಕು ಸರಿದು ಹೋಗುವುದನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಪುಡಿಯ ಫ್ಲಾಶ್ ತಂದರು, 1930ರ ಹೊತ್ತಿಗೆ ಒಂದು ಸಲ ಉರಿದು ಹೋಗುವ ಬಲ್ಬ್ ಬಂತು, ಅದರ ಹಿಂದೆಯೇ ಅಮೆರಿಕದ ಎಂಜಿನಿಯರ್ ಎಡ್ಜರ್ಟನ್‌ರ ಎಲೆಕ್ಟ್ರಾನಿಕ್ ಫ್ಲಾಶ್. ನಮ್ಮ ಪೇಟೆಗಳ ಸ್ಟುಡಿಯೊಗಳಲ್ಲಿ ಬಹುಕಾಲ ಆಳಿದ್ದು ಮಾತ್ರ 500 ವ್ಯಾಟಿನ, 1000 ವ್ಯಾಟಿನ ದೊಡ್ಡ ಬಲ್ಬುಗಳು. ಅವುಗಳ ಝಳಕ್ಕೆ ಬೆವರು ಇಳಿಯುತ್ತಿತ್ತು, ಆದರೆ ಬೆಳಕು ಎಲ್ಲಿ ಬಿದ್ದಿದೆ ಎಂದು ಕ್ಲಿಕ್ ಮಾಡುವ ಮೊದಲೇ ಕಣ್ಣಿಗೆ ಕಾಣುತ್ತಿತ್ತು. ಈಗಿನ ಫ್ಲಾಶಿನಲ್ಲಿರುವ ಸಣ್ಣ ಮಾಡೆಲಿಂಗ್ ದೀಪ ಅದೇ ಕೆಲಸಕ್ಕೆ ಇದೆ. ಎಷ್ಟೋ ಸ್ಟುಡಿಯೊಗಳಲ್ಲಿ ಕರೆಂಟ್ ಉಳಿಸಲೆಂದು ಅದನ್ನು ಆರಿಸಿಯೇ ಇಡುತ್ತಾರೆ. ದಯವಿಟ್ಟು ಹಚ್ಚಿಡಿ.

ಒಬ್ಬರನ್ನು ಕೂರಿಸಿದಾಗ

ಮಡಗಾಂವ್‌ನಲ್ಲಿ ಬಾಡಿಗೆಗೆ ಸಿಗುವ ಮಳಿಗೆಯೆಂದರೆ ಹತ್ತು ಹನ್ನೆರಡು ಅಡಿಯ ಕೋಣೆ. ಗಾಜಿನ ಮಾಡು ಅಲ್ಲಿ ಬರಲಾರದು, ಅದರ ಬದಲಿಗೆ ಸಾಫ್ಟ್‌ಬಾಕ್ಸ್ ಇದೆ. ಎರಡು ಮೂರು ಅಡಿ ಅಗಲದ್ದನ್ನು ಮುಖದಿಂದ ಮೂರಡಿ ದೂರದಲ್ಲಿಟ್ಟರೆ ಅದು ಮುಖದ ಪಾಲಿಗೆ ದೊಡ್ಡ ಕಿಟಕಿಯೇ. ಅದನ್ನೇ ಎಂಟಡಿ ಹಿಂದಕ್ಕೆ ತಳ್ಳಿದರೆ ಸಣ್ಣ ಬಲ್ಬಾಗುತ್ತದೆ, ನೆರಳು ಚೂಪಾಗುತ್ತದೆ, ಹಣೆಯ ಮೇಲೆ ಬೆವರಿನ ಚುಕ್ಕೆಗಳು ಮಿನುಗುತ್ತವೆ. ಗೋವೆಯ ಸೆಕೆಯಲ್ಲಿ ಗುಡ್ಡ ಇಳಿದು ಬಂದವರಿಗೆ ಮೊದಲು ಫ್ಯಾನಿನ ಕೆಳಗೆ ಕೂತು ಒಂದು ಲೋಟ ನೀರು ಕುಡಿಯಲು ಬಿಡಬೇಕು. ಪೌಡರ್ ಡಬ್ಬಿ ಬೇಡ, ಅದು ಕಂದು ಮುಖದ ಮೇಲೆ ಫ್ಲಾಶಿಗೆ ಬೂದಿಯಂತೆ ಎದ್ದು ಕಾಣುತ್ತದೆ. ಒಣ ಬಟ್ಟೆಯಿಂದ ಒತ್ತಿಕೊಂಡರೆ ಸಾಕು.

ಮುಖ್ಯ ಲೈಟನ್ನು ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿ, ಕಣ್ಣಿಗಿಂತ ತುಸು ಮೇಲೆ ನಿಲ್ಲಿಸಿ ಮೂಗಿನ ನೆರಳನ್ನು ನೋಡಬೇಕು. ಅದು ತುಟಿಗೆ ತಾಗದೆ ಕೆನ್ನೆಯ ಕಡೆಗೆ ಸಣ್ಣದಾಗಿ ಬಾಗಿದರೆ ಹೆಚ್ಚಿನ ಮುಖಗಳಿಗೆ ಒಪ್ಪುತ್ತದೆ. ಇನ್ನೂ ಪಕ್ಕಕ್ಕೆ ಒಯ್ದರೆ ನೆರಳಿನ ಕಡೆಯ ಕೆನ್ನೆಯಲ್ಲಿ ತ್ರಿಕೋನದಷ್ಟು ಬೆಳಕು ಉಳಿಯುತ್ತದೆ. ಡಚ್ ಚಿತ್ರಕಾರನ ಹೆಸರಿನಲ್ಲಿ ಇದನ್ನು ರೆಂಬ್ರಾಂಟ್ ಲೈಟ್ ಎನ್ನುತ್ತಾರೆ. ಸುಕ್ಕುಗಟ್ಟಿದ ಹಿರಿಯರ ಮುಖಕ್ಕೆ ಅದು ಗಾಂಭೀರ್ಯ ತರುತ್ತದೆ, ಆದರೆ ಅರ್ಜಿಯ ಫೋಟೊಗೆ ಸಲ್ಲದು. ಎದುರು ಪಕ್ಕಕ್ಕೆ ಎರಡನೆಯ ಲೈಟ್ ಬೇಕೆಂದೇನಿಲ್ಲ. ಬಿಳಿ ಥರ್ಮೋಕೋಲ್ ಹಾಳೆಯೊಂದನ್ನು ಹತ್ತಿರ ನಿಲ್ಲಿಸಿದರೆ ನೆರಳು ಬೇಕಾದಷ್ಟು ತಿಳಿಯಾಗುತ್ತದೆ. ಕಂದು ಮುಖಕ್ಕೆ ಈ ಹಾಳೆ ಎರಡು ಕೆಲಸ ಮಾಡುತ್ತದೆ: ನೆರಳನ್ನು ಎತ್ತುವುದಲ್ಲದೆ ಕೆನ್ನೆಯ ಅಂಚಿಗೆ ತಾನೇ ಒಂದು ಹೊಳಪಿನ ಗೆರೆ ಎಳೆಯುತ್ತದೆ.

ಇಲ್ಲಿಂದ ಮುಂದಿನದನ್ನು ಇಂಗ್ಲಿಷ್ ಕೈಪಿಡಿಗಳು ಹೇಳಿಕೊಡುವುದಿಲ್ಲ. ತಲೆ ಮೇಲೆ ಸೆರಗು ಹೊದ್ದ ಯವ್ವನಿಗೆ ಕೈಪಿಡಿಯ ಎತ್ತರದಲ್ಲಿ ಲೈಟ್ ಇಟ್ಟರೆ ಸೆರಗಿನ ನೆರಳು ಕಣ್ಣಿನ ಮೇಲೆಯೇ ಬೀಳುತ್ತದೆ. ಸೆರಗು ಹಿಂದಕ್ಕೆ ಸರಿಸಿ ಎನ್ನುವುದು ತಪ್ಪು. ಲೈಟನ್ನು ಅವಳ ಕಣ್ಣಿನ ಮಟ್ಟದ ಹತ್ತಿರಕ್ಕೆ ಇಳಿಸುವುದು ನಮ್ಮ ಕೆಲಸ. ರುಮಾಲು ಸುತ್ತಿದ ಕಾಕಾನಿಗೂ ಅದೇ ಮಾತು, ಜೊತೆಗೆ ಮಡಿಲಲ್ಲಿ ಬಿಳಿ ಹಾಳೆ ಇಟ್ಟರೆ ಹುಬ್ಬಿನ ಕೆಳಗಿನ ಕತ್ತಲೆ ಕರಗುತ್ತದೆ. ಕಡುಗೆಂಪು ಅಥವಾ ಕಪ್ಪು ಒಡಲಿನ ಇಳಕಲ್ ಸೀರೆ ಉಟ್ಟವರನ್ನು ಕಪ್ಪು ಪರದೆಯ ಮುಂದೆ ಕೂರಿಸಿದರೆ ಭುಜ ಪರದೆಯಲ್ಲಿ ಮುಳುಗಿ ತಲೆ ಮಾತ್ರ ತೇಲುತ್ತದೆ. ಹಿಂದಿನಿಂದ, ಮೇಲಿನಿಂದ ಸಣ್ಣ ಲೈಟೊಂದು ಕೂದಲು ಮತ್ತು ಭುಜದ ಅಂಚನ್ನು ಸವರಬೇಕು, ಇಲ್ಲವೇ ಪರದೆಗೇ ಸ್ವಲ್ಪ ಬೆಳಕು ಕೊಡಬೇಕು. ಸೆರಗಿನ ಟೋಪ್ ತೆನಿ ವಿನ್ಯಾಸ ಕಾಣುವಂತೆ ಕೂರಿಸಿದರೆ ಉಟ್ಟವರ ಮನಸ್ಸು ಅರಳುತ್ತದೆ. ಮುಖ ತಾನಾಗಿ ಸಡಿಲಾಗುತ್ತದೆ.

ಲಂಬಾಣಿ ಹೆಣ್ಣುಮಕ್ಕಳು ತಮ್ಮ ಉಡುಗೆಯಲ್ಲಿ ಬಂದರೆ ಅದು ಬೆಳಕಿನ ಪರೀಕ್ಷೆ. ಕುಪ್ಪಸದ ತುಂಬ ಕನ್ನಡಿ ಚೂರುಗಳು. ಬೆಳಕು ಬಿದ್ದ ಕೋನದಲ್ಲೇ ಹಿಂದಿರುಗುತ್ತದೆ ಎಂಬ ಶಾಲೆಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾದ ಮೇಲೇ ಫ್ಲಾಶ್ ಕೂರಿಸಿದರೆ ಅದರತ್ತ ಮುಖ ಮಾಡಿದ ಕನ್ನಡಿಗಳೆಲ್ಲ ಲೆನ್ಸಿನೊಳಕ್ಕೇ ಉರಿಯುತ್ತವೆ. ಲೈಟನ್ನು ಪಕ್ಕಕ್ಕೆ ಸಾಕಷ್ಟು ಒಯ್ದು ಮೃದು ಮಾಡಿದರೆ ಬೆರಳೆಣಿಕೆಯಷ್ಟು ಕನ್ನಡಿಗಳು ಮಾತ್ರ ಮಿನುಗಿ ಉಳಿದವು ಕಸೂತಿಗೆ ಜಾಗ ಬಿಡುತ್ತವೆ. ಕನ್ನಡಕಕ್ಕೂ ಇದೇ ಲೆಕ್ಕ. ಲೈಟ್ ತುಸು ಮೇಲೆ, ಪಕ್ಕಕ್ಕೆ. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಎಳೆ ಎತ್ತಿದರೆ ಗಾಜು ಕೆಳಮುಖವಾಗಿ ಬಿಳಿ ಮಚ್ಚೆ ಜಾರಿ ಹೋಗುತ್ತದೆ.

ಮನೆಮಂದಿಯೆಲ್ಲ ನಿಂತಾಗ

ಒಬ್ಬರಿಗೆ ಹತ್ತಿರ ಇಟ್ಟ ಲೈಟ್ ಗುಂಪಿಗೆ ಶತ್ರು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಲೈಟಿನಿಂದ ಮೂರಡಿ ದೂರದಲ್ಲಿ ಅಪ್ಪ, ಆರಡಿ ದೂರದಲ್ಲಿ ಸಣ್ಣ ಸೊಸೆ ನಿಂತಿದ್ದರೆ ಅವಳಿಗೆ ಸಿಗುವುದು ಅಪ್ಪನಿಗೆ ಸಿಕ್ಕಿದ್ದರ ನಾಲ್ಕನೆಯ ಒಂದು ಪಾಲು. ಅದೇ ಲೈಟನ್ನು ಒಂಬತ್ತು ಅಡಿಗೆ ಹಿಂದಕ್ಕೆ ಒಯ್ದರೆ ಅಪ್ಪ ಒಂಬತ್ತರಲ್ಲಿ, ಸೊಸೆ ಹನ್ನೆರಡರಲ್ಲಿ. ಆಗ ಅವಳಿಗೆ ಅರ್ಧಕ್ಕಿಂತ ಹೆಚ್ಚೇ ಸಿಗುತ್ತದೆ. ಲೈಟಿನ ಬಾಯನ್ನು ಹತ್ತಿರದವರ ಮೇಲಿಂದ ಸರಿಸಿ ದೂರದ ತುದಿಯವರ ಕಡೆಗೆ ತಿರುಗಿಸಿದರೆ ವ್ಯತ್ಯಾಸ ಇನ್ನೂ ಕಡಿಮೆಯಾಗುತ್ತದೆ. ಗುಂಪಿನಲ್ಲಿ ಕಡುಬಣ್ಣದವರು ಯಾರೋ ಅವರು ಲೈಟಿನ ಕಡೆಗೆ, ತಿಳಿಬಣ್ಣದವರು ಆ ಕಡೆಗೆ ನಿಲ್ಲುವಂತೆ ನೋಡಿಕೊಂಡರೆ ಕಂಪ್ಯೂಟರಿನ ಮುಂದೆ ಕೂರುವ ಕೆಲಸವೇ ಉಳಿಯುವುದಿಲ್ಲ. ಯಾರಿಗೂ ಕಾರಣ ಹೇಳಬೇಕಾಗಿಲ್ಲ. “ಯಕ್ಕಾ, ನೀವು ಅಜ್ಜಿ ಮಗ್ಗಲ ಬರ್ರಿ” ಅಂದರೆ ಆಯಿತು.

ಹತ್ತಡಿ ಕೋಣೆಯಲ್ಲಿ ಒಂಬತ್ತು ಅಡಿ ಹಿಂದಕ್ಕೆ ಎಲ್ಲಿ ಹೋಗುವುದು? ಹೋಗಲಾಗದಿದ್ದರೆ ಕ್ಯಾಮೆರಾದ ಹಿಂದಿನ ಗೋಡೆ ಮತ್ತು ಮಾಡು ಸೇರುವ ಮೂಲೆಗೆ ಲೈಟ್ ತಿರುಗಿಸಬೇಕು. ಸುಣ್ಣ ಬಳಿದ ಆ ಗೋಡೆಯೇ ಬೆಳಕಿನ ಮೂಲವಾಗುತ್ತದೆ, ಹಳೆಯ ಗಾಜಿನ ಮಾಡಿನಷ್ಟು ದೊಡ್ಡದು. ಗೋಡೆ ಬಿಳಿಯದೇ ಆಗಿರಬೇಕು ಅಷ್ಟೆ. ಎರಡು ಸಾಲು ಜನರಿದ್ದರೆ ಅಪರ್ಚರ್ ಎಫ್/8ಕ್ಕಿಂತ ಹೆಚ್ಚು ತೆರೆಯಬಾರದು, ಇಲ್ಲವಾದರೆ ಮುಂದಿನ ಸಾಲು ಚೊಕ್ಕ, ಹಿಂದಿನ ಸಾಲು ಮಸುಕು. ಹಿಂದಿನವರನ್ನು ಮುಂದಿನವರ ಬೆನ್ನಿಗೆ ಹತ್ತಿರ ತರುವುದು ಇದಕ್ಕಿಂತಲೂ ಒಳ್ಳೆಯದು. ಕಣ್ಣು ಮುಚ್ಚುವವರದ್ದೊಂದು ಚಿಂತೆ. ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಇದನ್ನು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನರ ಗುಂಪಾದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿದಷ್ಟು, ಮಂದ ಬೆಳಕಿನಲ್ಲಿ ಎರಡರಿಂದ ಭಾಗಿಸಿದಷ್ಟು ಕ್ಲಿಕ್ ಮಾಡಿದರೆ ಎಲ್ಲರೂ ಕಣ್ಣು ಬಿಟ್ಟ ಒಂದಾದರೂ ಸಿಗುತ್ತದೆ ಎಂಬುದು ಅವರ ಸೂತ್ರ. ಒಂಬತ್ತು ಜನರಿಗೆ ಮೂರು. ಕೂಸು ಇದ್ದರೆ ನಾನು ಇನ್ನಷ್ಟು ತೆಗೆಯುತ್ತೇನೆ.

ನವೆಂಬರ್ 1ರ ರಾಜ್ಯೋತ್ಸವಕ್ಕೆ ಮೂವತ್ತು ನಲವತ್ತು ಜನ ಮೂರು ಸಾಲಾಗಿ ನಿಲ್ಲುವ ಫೋಟೊ ಬೇರೆಯೇ ಬಗೆಯದು. ಅಲ್ಲಿ ಮುಖದ ಗುಂಡುತನದ ಆಸೆ ಬಿಡಬೇಕು. ಎರಡು ಸಮಬಲದ ಲೈಟುಗಳನ್ನು ಕ್ಯಾಮೆರಾದ ಎಡಬಲಕ್ಕೆ, ಜನರಿಂದ ಸಾಕಷ್ಟು ದೂರ, ಎಂಟೊಂಬತ್ತು ಅಡಿ ಎತ್ತರದಲ್ಲಿ ನಿಲ್ಲಿಸಬೇಕು. ತಗ್ಗಿದ್ದರೆ ಮುಂದಿನವರ ತಲೆಯ ನೆರಳು ಹಿಂದಿನವರ ಗದ್ದದ ಮೇಲೆ ಕೂರುತ್ತದೆ. ಎಡದ ಲೈಟ್ ಬಲತುದಿಯವರನ್ನು ನೋಡಲಿ, ಬಲದ್ದು ಎಡತುದಿಯವರನ್ನು. ಹಿಂದಿನ ಸಾಲಿಗೆ ಬೆಂಚು ಬೇಕೇ ಬೇಕು. ಸಾಧ್ಯವಾದರೆ ಫೋಟೊಗ್ರಾಫರ್‌ಗೂ ಒಂದು ಏಣಿ.

ಗುಡ್ಡ ಇಳಿಯಲಾಗದ ಅಜ್ಜ ಅಜ್ಜಿಯರಿದ್ದಾರೆ. ಅವರಿಗಾಗಿ ಸ್ಟುಡಿಯೊ ಗುಡ್ಡ ಹತ್ತಬೇಕು. ತಗಡಿನ ಮಾಡು, ಕೈಗೆ ಎಟುಕುವ ಎತ್ತರ, ಹಸಿರೋ ನೀಲಿಯೋ ಬಳಿದ ಗೋಡೆ. ಇಂಥಲ್ಲಿ ಫ್ಲಾಶನ್ನು ಗೋಡೆಗೆ ಹೊಡೆದರೆ ಆ ಬಣ್ಣವೆಲ್ಲ ಮುಖಕ್ಕೆ ಬರುತ್ತದೆ, ಕಂದು ಮುಖಕ್ಕೆ ಹಸಿರು ಸೇರಿದರೆ ಕಾಯಿಲೆಯವರಂತೆ ಕಾಣುತ್ತಾರೆ. ಬಾಗಿಲಿದೆಯಲ್ಲ, ಅದೇ ಸಾಕು. ನೇರ ಬಿಸಿಲು ಬೀಳದ ಹೊತ್ತು ನೋಡಿ ಹೊಸ್ತಿಲಿನಿಂದ ಮೂರು ನಾಲ್ಕು ಅಡಿ ಒಳಗೆ ಚಾಪೆ ಹಾಸಿ, ಅಜ್ಜಿಯನ್ನು ಬಾಗಿಲಿಗೆ ಪಕ್ಕವಾಗಿ ಕೂರಿಸಿ, ಮುಖ ಮಾತ್ರ ಬೆಳಕಿನತ್ತ ತಿರುಗಿಸಲು ಹೇಳಬೇಕು. ಕತ್ತಲ ಕಡೆಗೆ ಮೊಮ್ಮಗ ಒಂದು ಬಿಳಿ ಪಂಚೆ ಬಿಡಿಸಿ ಹಿಡಿದುಕೊಳ್ಳಲಿ. ಒಳಗಿನ ಟ್ಯೂಬ್‌ಲೈಟ್ ಆರಿಸಬೇಕು, ಅದರ ಬಣ್ಣ ಬೇರೆ, ಬಾಗಿಲಿನ ಬೆಳಕಿನ ಬಣ್ಣ ಬೇರೆ. ಜೂನ್‌ನಿಂದ ಶುರುವಾಗುವ ಮಳೆಗಾಲದಲ್ಲಿ ಕರೆಂಟ್ ಹೋದರೂ ಈ ಏರ್ಪಾಟು ನಿಲ್ಲುವುದಿಲ್ಲ. ಮೋಡ ಕವಿದ ಆಕಾಶ ಬಾಗಿಲ ಬೆಳಕನ್ನು ಇನ್ನಷ್ಟು ಹದ ಮಾಡುತ್ತದೆ. ಶಟರ್ ನಿಧಾನವಾಗುತ್ತದೆ, ಅದಕ್ಕೆ ಟ್ರೈಪಾಡ್ ಇದೆ.

ಪ್ರಿಂಟ್ ಕೊಡುವಾಗ ಬೆಳ್ಳಗೆ ಕೇಳಿದ ಅಕ್ಕನಿಗೆ ಏನು ಹೇಳುವುದು? ಉಪದೇಶ ಬೇಡ. ಹೀಗೆ ಬೆಳಕಿಟ್ಟು ತೆಗೆದ ಚಿತ್ರವನ್ನೂ ಬಿಳುಪು ಏರಿಸಿದ್ದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಸುಮ್ಮನಿರಬೇಕು. ನಾನು ಕಂಡಂತೆ ಹೆಚ್ಚಿನವರ ಬೆರಳು ಹೋಗುವುದು ತಮ್ಮ ಬಣ್ಣದ್ದರ ಮೇಲೆಯೇ. “ಇದರಾಗ ನಮ್ಮವ್ವನ್ಹಂಗ ಕಾಣ್ತೀನ್ರಿ” ಅಂದವರಿದ್ದಾರೆ. ಬಿಳಿಯದೇ ಬೇಕು ಎಂದವರಿಗೆ ಅದನ್ನೇ ಕೊಡಬೇಕು, ಅವರ ಮುಖ ಅವರದು. ಆದರೆ ಆಯ್ಕೆ ಎದುರಿಗೆ ಇರಬೇಕು.

ಕೊನೆಯದಾಗಿ ಸ್ಟುಡಿಯೊ ನಡೆಸುವವರಲ್ಲಿ ಒಂದು ಕೋರಿಕೆ. ಮನೆಯ ಹಿರಿಯರು ತೀರಿಕೊಂಡಾಗ ಹಾರ ಹಾಕಲು ಫೋಟೊ ಹುಡುಕಿಕೊಂಡು ಬರುವವರ ಕೈಯಲ್ಲಿ ಎಷ್ಟೋ ಸಲ ಇರುವುದು ಹಳೆಯ ಮದುವೆಯ ಗುಂಪು ಫೋಟೊ ಮಾತ್ರ. ಮೂರನೆಯ ಸಾಲಿನಲ್ಲಿ, ಯಾರದೋ ಹೆಗಲ ಹಿಂದೆ, ಉಗುರಿನಷ್ಟು ಮುಖ. ಅದನ್ನು ಕತ್ತರಿಸಿ ಹಿಗ್ಗಿಸಿ, ಕಣ್ಣು ಮೂಗು ತಿದ್ದಿ ಕೊಡುತ್ತೇವೆ. ಅದು ಆ ಮನುಷ್ಯನಂತೆ ಇರುವುದಿಲ್ಲ. ಆದ್ದರಿಂದ ಮನೆಮಂದಿಯ ಗುಂಪು ಫೋಟೊ ಮುಗಿದ ಮೇಲೆ ಲೈಟ್ ಆರಿಸುವ ಮುಂಚೆ “ಅಜ್ಜಾ, ನೀವೊಬ್ಬರು ಹಂಗ ಕುಂದರ್ರಿ” ಅನ್ನಿ. ಸಾಫ್ಟ್‌ಬಾಕ್ಸನ್ನು ಮೂರಡಿಗೆ ಎಳೆದುಕೊಳ್ಳಿ, ಬಲ ತಗ್ಗಿಸಿ, ರುಮಾಲಿನ ಕೆಳಗೆ ಕಣ್ಣು ಕಾಣುವಷ್ಟು ಇಳಿಸಿ, ಥರ್ಮೋಕೋಲ್ ಹತ್ತಿರ ಸರಿಸಿ ಎರಡು ತೆಗೆಯಿರಿ. ಆಮೇಲೆ ಅಜ್ಜಿಯದು. ದುಡ್ಡು ಕೇಳದೆ ಮನೆಯವರ ಮೊಬೈಲಿಗೆ ಕಳಿಸಿಬಿಡಿ, ನಿಮ್ಮ ಹಾರ್ಡ್‌ಡಿಸ್ಕಿನಲ್ಲೂ ಹೆಸರು ಬರೆದು ಇಟ್ಟುಕೊಳ್ಳಿ.